ಎಡಕ್ಕೆ ತಿರುಗುವಾಗ

ಚೆಂಡು ಮಗನ ತಲೆಯ ಮೇಲಿಂದ ಹಾದುಹೋಗುವ ಮೊದಲೇ ಸ್ಟ್ಯಾಂಡಿನಲ್ಲಿ ಕೂತ ಅಪ್ಪನಿಗೆ ಗೊತ್ತಾಗಿಹೋಯಿತು. ಎದುರು ತಂಡದ ಫಾರ್ವರ್ಡ್ ಎಡಗಡೆಯಿಂದ ನುಗ್ಗುತ್ತಿದ್ದ. ಮಗ ಎಡಕ್ಕೆ ತಿರುಗಬೇಕಿತ್ತು. ತಿರುಗಿದ, ಆದರೆ ಕಣ್ಣು ಮಿಟುಕಿಸುವಷ್ಟು ತಡವಾಗಿ. ಅಷ್ಟರಲ್ಲಿ ಆ ಫಾರ್ವರ್ಡ್ ಚೆಂಡನ್ನು ಎದೆಯ ಮೇಲಿಂದ ಇಳಿಸಿಕೊಂಡು, ಯಾವ ಅವಸರವೂ ಇಲ್ಲದೆ, ನಿದ್ದೆ ಹೋದ ಮಗುವನ್ನು ತೊಟ್ಟಿಲಿಗೆ ಮಲಗಿಸುವ ಹಾಗೆ ಬಲೆಯೊಳಕ್ಕೆ ತಳ್ಳಿಬಿಟ್ಟ.

ಗದ್ದಲವೇನೂ ಆಗಲಿಲ್ಲ. ಸೀಸನ್ನಿನ ಮೊದಲಲ್ಲಾದರೆ ಜನ ಎದ್ದು ನಿಂತು ಬೈಯುತ್ತಿದ್ದರು. ಬೈಯುವವನಿಗೆ ಇನ್ನೂ ಏನೋ ಆಸೆ ಇರುತ್ತದೆ. ಈಗ ಸ್ಟ್ಯಾಂಡಿನಲ್ಲಿ ಇದ್ದವರೆಲ್ಲ ಮೂಗಿನಿಂದ ಉಸಿರು ಬಿಟ್ಟು, ಕೈಕಟ್ಟಿ ಕೂತರು. ಹಿಂದಿನ ಸಾಲಿನಿಂದ ಯಾರೋ ಸಾವಕಾಶವಾಗಿ ಹೇಳಿದ: "ಬಾಗಿಲು ಮತ್ತೆ ತೆರ್ಕೊಳ್ತಲ್ಲಪ್ಪ. ಒಳಗೆ ಬನ್ನಿ, ಕೂತ್ಕೊಳ್ಳಿ."

ನಾಲ್ಕು ಜನ ನಕ್ಕರು. ಅಪ್ಪ ತಿರುಗಿ ನೋಡಲಿಲ್ಲ.

'ಬಾಗಿಲು' ಎಂಬ ಹೆಸರನ್ನು ಮಗನಿಗೆ ಇಟ್ಟವರು ಇದೇ ಸ್ಟ್ಯಾಂಡಿನವರು. ಹೋದ ವರ್ಷ ಊರಿನ ಫುಟ್‌ಬಾಲ್ ಕ್ಲಬ್ಬಿನ ಜೂನಿಯರ್ ತಂಡದಿಂದ ಮೇಲೆ ಬಂದು, ಡಿಫೆಂಡರ್ ಆಗಿ ಗೋಲಿನ ಮುಂದೆ ಆಳೆತ್ತರ ನಿಂತು, ಬಂದವರನ್ನೆಲ್ಲ ಬಂದ ದಾರಿಯಲ್ಲೇ ವಾಪಸು ಕಳಿಸಿದವನು ಅವನು. ಎದುರಾಳಿಗಳು ಚೆಂಡು ಹಿಡಿದು ಹತ್ತಿರ ಬಂದರೆ ಸಾಕು, "ಬಾಗಿಲು ಹಾಕೋ! ಬಾಗಿಲು ಹಾಕೋ!" ಎಂದು ಸ್ಟ್ಯಾಂಡಿಗೆ ಸ್ಟ್ಯಾಂಡೇ ಕುಣಿಯುತ್ತಿತ್ತು. ಅಪ್ಪ ಸೋಫಾ ರಿಪೇರಿಯವನು. ಗೋಣಿಬಟ್ಟೆ, ಸ್ಪ್ರಿಂಗು, ಫೋಮಿನ ತುಣುಕುಗಳ ನಡುವೆ, ಬಾಯಲ್ಲಿ ಮೊಳೆ ಕಚ್ಚಿಕೊಂಡು ದಿನ ಕಳೆಯುವ ಅವನ ಅಂಗಡಿಗೆ ಆ ವರ್ಷ ಜನ ನೆಟ್ಟಗಿದ್ದ ಕುರ್ಚಿಯನ್ನೂ ರಿಪೇರಿಗೆಂದು ಹೊತ್ತು ತಂದರು. ಕುರ್ಚಿ ನೆಪ. ಬಾಗಿಲಿನ ಅಪ್ಪನ ಹತ್ತಿರ ಹತ್ತು ನಿಮಿಷ ಕೂತು ಹರಟಬೇಕಿತ್ತು ಅವರಿಗೆ. ಕ್ಲಬ್ಬು ಆ ವರ್ಷ ಲೀಗಿನಲ್ಲಿ ಮೂರನೆಯದಾಗಿ ಬಂತು. ಮುಂದಿನ ವರ್ಷ ಕಪ್ ನಮ್ಮದೇ ಎಂದು ಔಷಧಿ ಅಂಗಡಿಯವನಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ ಎಲ್ಲರೂ ಆಗಲೇ ಗೆದ್ದವರ ಹಾಗೆ ಮಾತಾಡಿದರು. ಅಪ್ಪನೂ ಹಾಗೇ ಮಾತಾಡಿದ. ಕ್ಲಬ್ಬಿನ ಹುಚ್ಚು ಅವನಿಗೆ ಮದುವೆಗಿಂತ ಹಳೆಯದು.

ಮಗನ ಎಡಗಡೆ ಆಡುತ್ತಿದ್ದ ಹಿರಿಯ ಆಟಗಾರನನ್ನು ಕ್ಲಬ್ಬು ಬೇಸಿಗೆಯಲ್ಲಿ ಬೇರೆ ಕ್ಲಬ್ಬಿಗೆ ಮಾರಿಬಿಟ್ಟಿತು. ಅದರಿಂದ ಏನಾಗುತ್ತದೆ ಎನ್ನುವುದು ಊರಲ್ಲಿ ಮೊದಲು ಹೊಳೆದದ್ದು ಅಪ್ಪನಿಗೇ ಇರಬೇಕು. ಮಗ ಚಿಕ್ಕಂದಿನಿಂದಲೂ ಎಡಕ್ಕೆ ತಿರುಗುವಾಗ ತಡ. ಬಲಕ್ಕೆ ಸೊಂಟ ತಿರುಗಿದರೆ ಕಾಲು ತಾನಾಗಿ ತಿರುಗುತ್ತಿತ್ತು. ಎಡಕ್ಕೆ ಮಾತ್ರ ಇಡೀ ಮೈಯನ್ನು ಎತ್ತಿ ಇಡಬೇಕಾಗುತ್ತಿತ್ತು, ಭಾರದ ಬೀರುವನ್ನು ಜರುಗಿಸುವ ಹಾಗೆ. ಅಂಗಡಿಯ ಹಿತ್ತಲಲ್ಲಿ ಹಳೆಯ ಕುರ್ಚಿಗಳನ್ನು ಸಾಲಾಗಿ ಇಟ್ಟು, ಅವುಗಳ ಸುತ್ತ ಎಡಕ್ಕೆ, ಎಡಕ್ಕೆ, ಎಡಕ್ಕೆ ಎಂದು ಅಪ್ಪ ಅವನನ್ನು ಓಡಿಸಿದ್ದ. ಬೆಳೆದಂತೆ ಸರಿಹೋಗುತ್ತದೆ ಎಂದುಕೊಂಡಿದ್ದ. ಹೋಗಲಿಲ್ಲ. ಮಾರಿಹೋದ ಆ ಹಿರಿಯ ಆಟಗಾರ ತನ್ನ ಜಾಗದ ಜೊತೆಗೆ ಮಗನ ಎಡಗಡೆಯನ್ನೂ ಒಂದು ವರ್ಷ ಕಾಯ್ದಿದ್ದ. ಅವನಿಲ್ಲದ ಮೇಲೆ ಲೀಗಿನ ಎಲ್ಲ ತಂಡಗಳಿಗೂ ಗುಟ್ಟು ಗೊತ್ತಾಯಿತು. ಚಳಿಗಾಲ ಬರುವಷ್ಟರಲ್ಲಿ ಕ್ಲಬ್ಬು ಪಟ್ಟಿಯ ತಳದಲ್ಲಿತ್ತು. "ಬಾಗಿಲು ಹಾಕೋ" ಎಂದವರು "ಬಾಗಿಲು ಕಿತ್ತಾಕ್ರೋ" ಎನ್ನತೊಡಗಿದರು. ರಾಗ ಅದೇ, ಚಪ್ಪಾಳೆಯೂ ಅದೇ.

ಅಪ್ಪನ ಪಕ್ಕದಲ್ಲಿ ಯಾವಾಗಲೂ ಕೂರುವವನು ಬಸ್ ಡ್ರೈವರ್, ಮೀಸೆ. ಮೀಸೆ ಬೋಳಿಸಿ ಎಷ್ಟೋ ವರ್ಷವಾಗಿದ್ದರೂ ಹೆಸರು ಹಾಗೇ ಉಳಿದಿತ್ತು. ಜನ ಕಿತ್ತಾಕ್ರೋ ಎಂದು ಕೂಗುವಾಗ ಮೀಸೆ ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದ. ಒಂದು ಪಂದ್ಯದಲ್ಲಿ ಎಷ್ಟು ಸಲ ಒಬ್ಬನ ಲೇಸು ಬಿಚ್ಚಿಹೋಗಬಹುದು? ಅಪ್ಪನಿಗೆ ಅದೂ ಅರ್ಥವಾಗುತ್ತಿತ್ತು. ಅರ್ಥವಾಗದಿದ್ದದ್ದು ತನ್ನದೇ ಮನಸ್ಸು. ಕೂಗುವವರ ಮೇಲೆ ಸಿಟ್ಟು ಬರಬೇಕಿತ್ತು. ಬಂದರೂ ನಿಲ್ಲುತ್ತಿರಲಿಲ್ಲ. ಅವರು ಹೇಳುತ್ತಿರುವುದರಲ್ಲಿ ತಪ್ಪೇನಿದೆ ಎಂದು ಒಳಗೊಬ್ಬ ಕೇಳುತ್ತಿದ್ದ. ಆ ಒಳಗಿನವನು ಬಹಳ ಹಳಬ, ಮಗ ಹುಟ್ಟುವ ಮೊದಲಿನಿಂದಲೂ ಇದೇ ಸೀಟಿನಲ್ಲಿ ಕೂತವನು.

"ಅಲ್ಲಿ ಹೋಗಿ ಕೂತು ಏನು ಮಾಡ್ತೀರಿ?" ಎಂದಳು ಹೆಂಡತಿ ಒಂದು ದಿನ. ಅವಳು ಲಾಂಡ್ರಿಯಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಮೈದಾನಕ್ಕೆ ಒಮ್ಮೆಯೂ ಬಂದವಳಲ್ಲ. ಆದರೆ ಮಗನ ಸೋಲುಗಳೆಲ್ಲ ಇಸ್ತ್ರಿ ಮೇಜಿನ ಆಚೆ ಬದಿಯವರ ಬಾಯಿಂದ ಅವಳಿಗೆ ತಲುಪುತ್ತಿದ್ದವು. "ಅವರು ಬೈತಾರೆ, ನೀವು ಕಿವಿ ತುಂಬ ಕೇಳಿಸ್ಕೊಂಡು ಬರ್ತೀರಿ."

"ಮಗ ಆಡ್ತಾನಲ್ಲ, ಅದಕ್ಕೆ ಹೋಗ್ತೀನಿ."

"ಅವನು ಹುಟ್ಟೋಕೆ ಮುಂಚೆನೂ ಹೋಗ್ತಿದ್ರಿ," ಎಂದು ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಕಡೆಯ ಪಂದ್ಯ ಊರಿನಲ್ಲೇ ಇತ್ತು. ಡ್ರಾ ಆದರೂ ಸಾಕು, ಕ್ಲಬ್ಬು ಮೇಲಿನ ದರ್ಜೆಯಲ್ಲೇ ಉಳಿಯುತ್ತಿತ್ತು. ಸೋತರೆ ಕೆಳಕ್ಕೆ. ಹಿಂದಿನ ದಿನ ಮಧ್ಯಾಹ್ನ ಮಗ ಅಂಗಡಿಗೆ ಬಂದ. ಅವನು ಅಂಗಡಿಗೆ ಬಂದು ತಿಂಗಳುಗಳೇ ಆಗಿದ್ದವು. ರಸ್ತೆಯಲ್ಲಿ ಜನರ ಕಣ್ಣು ತಪ್ಪಿಸಲು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದ. ಬಟ್ಟೆ ಕಳಚಿದ ಸೋಫಾವೊಂದರ ಅಂಚಿನಲ್ಲಿ, ಸ್ಪ್ರಿಂಗು ಚುಚ್ಚದ ಕಡೆ ನೋಡಿ ಕೂತ. ಅಪ್ಪ ದಬ್ಬಳಕ್ಕೆ ದಾರ ಪೋಣಿಸುತ್ತಿದ್ದ.

"ಊಟ ಆಯ್ತಾ?"

"ಹೂಂ." ಮಗ ಫೋಮಿನ ತುಣುಕೊಂದನ್ನು ಎತ್ತಿಕೊಂಡು ಚಿವುಟತೊಡಗಿದ. ಸ್ವಲ್ಪ ಹೊತ್ತಿನ ಮೇಲೆ ಕೇಳಿದ, "ಅಪ್ಪ, ಒಂದು ಮಾತು ಕೇಳ್ತೀನಿ. ನನ್ನ ಅಪ್ಪನಾಗಿ ಹೇಳ್ಬೇಡ. ಆ ಸ್ಟ್ಯಾಂಡಲ್ಲಿ ಕೂತಿರ್ತೀಯಲ್ಲ, ಹಾಗೆ ಕೂತವನಾಗಿ ಹೇಳು."

"ಏನದು?"

"ನೀನು ಕೋಚ್ ಆಗಿದ್ರೆ ನಾಳೆ ನನ್ನ ಆಡಿಸ್ತಿದ್ಯಾ?"

ದಾರ ಸೂಜಿಯ ಕಣ್ಣಿನೊಳಗೆ ಹೋಗಿತ್ತು. ಆದರೂ ಅಪ್ಪ ಅದನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಚಳಿಗಾಲದಿಂದಲೂ ಅಲ್ಲೇ ಇತ್ತು. ಬೇರೆ ಯಾವ ಆಟಗಾರನ ವಿಷಯ ಕೇಳಿದ್ದರೂ ಅರ್ಧ ಗಳಿಗೆ ಯೋಚಿಸದೆ ಹೇಳಿಬಿಡುತ್ತಿದ್ದ: ಹೊರಗೆ ಕೂರಿಸಿ ಸ್ವಾಮಿ, ಅವನನ್ನ ಹೊರಗೆ ಕೂರಿಸಿ. ಮಗ ಟೋಪಿ ತೆಗೆದಿದ್ದ. ಹಣೆಯ ಮೇಲೆ ಟೋಪಿಯ ಅಂಚು ಒತ್ತಿದ ಗೆರೆ ಇತ್ತು. ಮುಖ ಇಳಿದುಹೋಗಿತ್ತು.

"ಆಡಿಸ್ತಿದ್ದೆ," ಎಂದ ಅಪ್ಪ.

"ನಿಜವಾಗ್ಲೂ?"

"ಆಡಿಸ್ದೆ ಮತ್ತೆ? ನಿನ್ನ ಬಿಟ್ಟು ಯಾರಿದ್ದಾರೆ ಅಲ್ಲಿ, ಬೆಂಚಲ್ಲಿ ಕೂತಿರೋ ಆ ಕಡ್ಡಿ ಹುಡುಗನಾ?"

ಮಗ ತಲೆಯಾಡಿಸಿದ. ಕೈಯಲ್ಲಿದ್ದ ಫೋಮನ್ನು ಅಲ್ಲೇ ಇಟ್ಟು ಎದ್ದ. ಹೊರಡುವಾಗ ಅವನ ನಡಿಗೆ ಬಂದಾಗಿನದಕ್ಕಿಂತ ಹಗುರಾಗಿತ್ತು. ಅದನ್ನು ನೋಡಿ ಅಪ್ಪನಿಗೆ, ಹೇಳಿದ್ದೇ ಒಳ್ಳೆಯದಾಯಿತು ಅನ್ನಿಸಿತು. ಹೇಗಿದ್ದರೂ ಹನ್ನೊಂದು ಜನರನ್ನು ಆರಿಸುವವನು ಕೋಚು. ಮನೆಯವರ ಮಾತು ಅಲ್ಲಿ ಎಲ್ಲಿ ನಡೆಯುತ್ತದೆ?

ಮರುದಿನ ಮೈದಾನ ತುಂಬಿ ತುಳುಕುತ್ತಿತ್ತು. ತಂಡ ಇಳಿಯುವಾಗ ಮಗನನ್ನು ಕಂಡು ಸ್ಟ್ಯಾಂಡಿನಲ್ಲಿ ಗೊಣಗಾಟ ಎದ್ದಿತು. ಆದರೆ ಆಟ ಶುರುವಾದ ಮೇಲೆ ಅವನು ಎಲ್ಲರ ಬಾಯಿ ಮುಚ್ಚಿಸಿದ. ತಲೆಯಿಂದ ತಡೆದ, ಕಾಲಿಂದ ತಡೆದ, ಒಮ್ಮೆಯಂತೂ ಗೋಲ್‌ಕೀಪರನೇ ಬಿದ್ದುಹೋಗಿದ್ದಾಗ ಗೆರೆಯ ಮೇಲೆ ನಿಂತು ಹೊಟ್ಟೆಯೊಡ್ಡಿ ತಡೆದ. ಹಾಫ್‌ಟೈಮ್ ಕಳೆದು ಬಹಳ ಹೊತ್ತಾದರೂ ಎರಡೂ ಕಡೆ ಸೊನ್ನೆಯೇ. ಎಲ್ಲೋ ಮೂಲೆಯಲ್ಲಿ ಒಂದಿಬ್ಬರು ಅಂಜುತ್ತಂಜುತ್ತಲೇ ಹಳೆಯ ಕೂಗು ತೆಗೆದರು: "ಬಾಗಿಲು ಹಾಕೋ." ಅದು ಸಾಲಿನಿಂದ ಸಾಲಿಗೆ ಹಬ್ಬಿತು. ಮೀಸೆ ಎದ್ದು ನಿಂತು, ಗಂಟಲು ಹರಿಯುವ ಹಾಗೆ ಕೂಗುತ್ತ ಅಪ್ಪನ ಭುಜ ಹಿಡಿದು ಅಲುಗಾಡಿಸಿದ. ಅಪ್ಪನ ಕಣ್ಣು ಒದ್ದೆಯಾಗಿ ಎದುರಿನ ಹಸಿರೆಲ್ಲ ಕಲಸಿಹೋಗಿತ್ತು.

ಕಣ್ಣು ಒರೆಸಿಕೊಂಡು ನೋಡುವಷ್ಟರಲ್ಲಿ ಚೆಂಡು ಎಡಗಡೆಗೆ ಹೋಗಿತ್ತು. ಅಂಥ ದೊಡ್ಡ ಅಪಾಯದ ಚೆಂಡೇನೂ ಅಲ್ಲ, ಆಟದುದ್ದಕ್ಕೂ ಹತ್ತು ಸಲ ಬರುವಂಥದ್ದು. ಮಗ ದಣಿದಿದ್ದ. ತಿರುಗಲು ಹೋಗಿ ಕಾಲಿಗೆ ಕಾಲು ತೊಡರಿ ಮುಗ್ಗರಿಸಿದ. ಒಂದೇ ಹೊಡೆತ, ಗೋಲು.

ಆಮೇಲೆ ಆಡಿದ್ದೆಲ್ಲ ಲೆಕ್ಕಕ್ಕಿಲ್ಲ. ಸೀಟಿ ಊದಿದಾಗ ಮಗ ಗೋಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಅವನನ್ನು ಎಬ್ಬಿಸಲು ಜೊತೆಯವರು ಯಾರೂ ಹೋಗಲಿಲ್ಲ. ಜನ ಬೈಯಲಿಲ್ಲ. ಸಾವಿನ ಮನೆಯಿಂದ ಹೊರಟವರಂತೆ ಒಬ್ಬರ ಹಿಂದೊಬ್ಬರು ಮೆಟ್ಟಿಲಿಳಿದರು. ಕೆಳಗಿನ ಸಾಲಿನ ಮುದುಕರೊಬ್ಬರು ಅಪ್ಪನ ಮುಖ ಗುರುತಿಸಿ ಒಂದು ಗಳಿಗೆ ನಿಂತು, ಮುಂದೆ ಹೋದರು.

ಮೀಸೆ ಕೊನೆಯವರೆಗೂ ಕೂತಿದ್ದ. ಆ ಸೀಸನ್ನಿನಲ್ಲಿ ಮಗನ ಬಗ್ಗೆ ಅವನು ಬಾಯಿ ಬಿಟ್ಟದ್ದು ಅದೇ ಮೊದಲು. "ಇವತ್ತು ಆ ಹುಡುಗನ್ನ ಯಾಕಾದ್ರೂ ಇಳಿಸಿದ್ರು ಕಣಯ್ಯ? ಯಾರಿಗಾದ್ರೂ ಅವನ ಮೇಲೆ ಒಂದಿಷ್ಟು ಕರುಣೆ ಬೇಡ್ವಾ? ಕೂರಿಸಿದ್ರೆ ಸೋತ ಪಾಪ ಬೇರೆ ಯಾರ ತಲೆಗೋ ಹೋಗ್ತಿತ್ತು. ಇನ್ನು ಈ ಊರಲ್ಲಿ ಅವನು ಓಡಾಡೋ ಹಾಗಿಲ್ಲ."

"ಕೋಚ್ ಇಳಿಸಿದ," ಎಂದ ಅಪ್ಪ.

"ಕೋಚಿಗೆ ಕಣ್ಣಿಲ್ಲ."

ಬಸ್ಸಿಗೆ ಕಾಯದೆ ಅಪ್ಪ ನಡೆದೇ ಮನೆಗೆ ಹೋದ. ಬೇಗ ಹೋಗಬೇಕಾದ ಅವಸರವೇನೂ ಇರಲಿಲ್ಲ. ದಾರಿಯ ಅಂಗಡಿಗಳಲ್ಲಿ ಟೀವಿ ಆರಿಸಿದ್ದರು. ಮನೆ ತಲುಪಿದಾಗ ಮಗ ಆಗಲೇ ಬಂದು, ಅಡುಗೆಮನೆಯ ಸ್ಟೂಲಿನ ಮೇಲೆ ಎರಡೂ ಕಾಲನ್ನು ಬಕೆಟ್ಟಿನ ಬಿಸಿನೀರಿನಲ್ಲಿ ಬಿಟ್ಟು ಕೂತಿದ್ದ. ಹೆಂಡತಿ ಒಲೆಯ ಮೇಲೆ ಇನ್ನೊಂದು ಪಾತ್ರೆ ನೀರಿಟ್ಟಿದ್ದಳು. ಗಂಡನನ್ನು ನೋಡಿ, ಮಾತು ಬೇಡ ಎಂದು ಕಣ್ಣಲ್ಲೇ ಹೇಳಿದಳು.

ಅಪ್ಪ ಗೋಡೆಗೊರಗಿ ನೆಲದ ಮೇಲೆ ಕೂತ. ಮಾತು ತೆಗೆದವನು ಮಗನೇ.

"ಕೋಚ್ ನಿನ್ನೆ ಬೆಳಗ್ಗೆ ಕರೆದಿದ್ರು. ಜನರ ಬಾಯಿ ನೋಡ್ತಿದ್ದೀಯಲ್ಲ, ನಿಂಗೆ ಕಷ್ಟ ಅನ್ಸಿದ್ರೆ ಹೇಳು, ಕಾಲು ನೋವು ಅಂತ ಹೇಳಿ ಕೂರಿಸ್ತೀನಿ, ಯಾರಿಗೂ ಗೊತ್ತಾಗಲ್ಲ ಅಂದ್ರು. ಸಂಜೆಯೊಳಗೆ ಹೇಳು ಅಂದಿದ್ರು."

ಒಲೆಯ ಮುಂದಿದ್ದವಳು ತಿರುಗಿದಳು.

"ನಂಗೆ ಬೇಡ ಅಂತಲೇ ಇತ್ತು," ಎಂದ ಮಗ. ದನಿಯಲ್ಲಿ ದೂರು ಇರಲಿಲ್ಲ. ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದ. "ಆಮೇಲೆ ಅಂಗಡಿಗೆ ಬಂದೆ. ಅಪ್ಪ ಆಟ ಬಲ್ಲವನು, ಅವನೇ ಆಡಿಸ್ತೀನಿ ಅಂದಮೇಲೆ ಇನ್ನೇನು ಅಂತ ಹೋಗಿ, ಆಡ್ತೀನಿ ಅಂದ್ಬಿಟ್ಟೆ."

ಮೈದಾನದ ಅಷ್ಟೂ ಜನರ ಮುಖ, ಕುಕ್ಕರುಗಾಲಲ್ಲಿ ಕೂತ ಮಗ, ಎರಡೂ ಒಟ್ಟಿಗೆ ಅಪ್ಪನ ಕಣ್ಣಿಗೆ ಬಂದವು. ಯಾರಿಗೆ ತಾನು ಎರಡು ಬಗೆದದ್ದು ಎಂದು ಕೇಳಿಕೊಂಡರೆ, ಮಗನಿಗೂ ಹೌದು, ಆ ಸ್ಟ್ಯಾಂಡಿನವರಿಗೂ ಹೌದು.

"ಒಂದು ಮಾತು ಹೇಳ್ಬೇಕಿತ್ತು," ಎಂದ.

"ಏನು?"

"ನಾನು ಆಡಿಸ್ತಿರಲಿಲ್ಲ."

ಹೆಂಡತಿ "ರೀ" ಎಂದಳು, ಅಷ್ಟೇ. ಮಗ ಬಕೆಟ್ಟಿನೊಳಗಿನ ತನ್ನ ಕಾಲುಗಳನ್ನು ನೋಡುತ್ತ ಕೂತ. ನೀರಿನಲ್ಲಿ ಬೆರಳುಗಳನ್ನು ಮಡಿಸಿದ, ಬಿಡಿಸಿದ. ಒಲೆಯ ಮೇಲಿನ ನೀರು ಕುದಿದು ಮುಚ್ಚಳ ತಟಪಟ ಎನ್ನತೊಡಗಿತು. ಅವಳು ಪಾತ್ರೆಯನ್ನು ಬಟ್ಟೆಯಿಂದ ಹಿಡಿದು ಇಳಿಸಿ ತಂದಳು.

"ಕಾಲು ಎತ್ತು, ಬಿಸಿ ಇದೆ," ಎಂದಳು.

ಮಗ ಎತ್ತಿದ. ಇಡಲು ಎಲ್ಲೂ ಜಾಗವಿಲ್ಲದೆ, ನೀರು ಸೋರುತ್ತಿದ್ದ ಎರಡೂ ಕಾಲುಗಳು ಅಂತರದಲ್ಲಿ ನಿಂತವು. ಒಂದರ ಹೆಬ್ಬೆರಳಿನ ಉಗುರು ಕಪ್ಪಾಗಿ ಬುಡದಿಂದ ಎದ್ದಿತ್ತು. ಅಪ್ಪ ಮುಂದೆ ಜರುಗಿ ಎರಡೂ ಹಿಮ್ಮಡಿಗಳನ್ನು ಅಂಗೈಯಲ್ಲಿ ಹಿಡಿದುಕೊಂಡ. ಮಗ ಎಳೆದುಕೊಳ್ಳಲಿಲ್ಲ, ಕಾಲಿನ ಭಾರವನ್ನು ಅಪ್ಪನ ಕೈಗೆ ಬಿಡಲೂ ಇಲ್ಲ. ಅವಳು ಬಕೆಟ್ಟಿಗೆ ನೀರು ಹುಯ್ಯುತ್ತಿದ್ದಳು. ಹಬೆ ಎದ್ದು ಮೂವರ ನಡುವೆ ತುಂಬಿಕೊಂಡಿತು.