ಕೊನೆಯ ಅಕ್ಷರದ ಎತ್ತರ

ಡಾಕ್ಟರ ಕೋಣೆಯ ಬಾಗಿಲ ಮೇಲಿನ ‘ಸದ್ದು ಮಾಡಬೇಡಿ’ಯಲ್ಲಿ ‘ಡಿ’ ಮಾತ್ರ ಚೌಕಟ್ಟಿಗೆ ತಲೆ ಚಚ್ಚಿಕೊಂಡು ನಿಂತಿದೆ, ಯಾವನು ಬರೆದನೋ, ಗೆರೆ ಹಾಕದೆ ಶುರುಮಾಡಿದ್ದಾನೆ, ಮೊದಲಿನವಕ್ಕೆ ಜಾಗವನ್ನೆಲ್ಲ ದಾನ ಮಾಡಿ ಕೊನೆಯದರ ಕತ್ತು ಹಿಸುಕಿದ್ದಾನೆ — ಗೆರೆಯಣ್ಣನ ಬೆರಳು ತೊಡೆಯ ಮೇಲೆ ತಾನಾಗಿಯೇ ಆ ‘ಡಿ’ಯನ್ನು ತಿದ್ದತೊಡಗಿತು, ನಲವತ್ತು ವರ್ಷ ಬೋರ್ಡು ಬರೆದವನು, ಸೀಮೆಸುಣ್ಣದ ಎರಡು ಗೆರೆ ಎಳೆಯದೆ ಒಂದಕ್ಷರ ಇಟ್ಟವನಲ್ಲ, ಅದಕ್ಕೇ ಪೇಟೆಯವರೆಲ್ಲ ಗೆರೆಯಣ್ಣ ಅಂದರು, ಹೆತ್ತವರಿಟ್ಟ ಹೆಸರು ಈಗ ಆಸ್ಪತ್ರೆ ಚೀಟಿಯಲ್ಲಿ ಮಾತ್ರ ಉಳಿದಿದೆ. ಪಕ್ಕದಲ್ಲಿ ಮಗಳು, ಅಪ್ಪಾ, ಗೇಟಿನ ವಿಷಯ ಡಾಕ್ಟರಿಗೆ ನೀನು ಹೇಳ್ತೀಯೋ ನಾನು ಹೇಳ್ಲೋ, ನೀನ್ಯಾರೇ ಹೇಳೋಕೆ, ಕೈ ನಂದು. ಆಚೆ ಪಕ್ಕದಲ್ಲಿ ಹೆಂಡತಿ, ಎರಡೂ ಪಾದ ನೆಲಕ್ಕೂರಿ ಸುಮ್ಮನೆ ಕೂತಿದ್ದಾಳೆ — ಈ ಹೆಂಗಸು ಸುಮ್ಮನೆ ಕೂತದ್ದನ್ನು ನೋಡಲು ಇವನು ಮೂವತ್ತು ವರ್ಷ ಕಾಯಬೇಕಾಯಿತು.

ಸಂಜೆಯಾದರೆ ಸಾಕು, ಅವಳ ಕಾಲೊಳಗೆ ಇರುವೆ ಹರಿಯುತ್ತಿದ್ದವು, ಕೂತರೂ ಎಳೆತ, ಮಲಗಿದರೂ ಎಳೆತ, ಎದ್ದು ಓಡಾಡಿದರೆ ಮಾತ್ರ ಸಮಾಧಾನ, ಸಿನಿಮಾಕ್ಕೆ ಹೋದರೆ ಟಿಕೆಟ್ಟು ಕುರ್ಚಿಗೆ, ಅವಳು ಹಿಂದಿನ ಗೋಡೆಗೆ, ನಿನ್ನ ಕಾಲಿಗೆ ಚಕ್ರ ಕಟ್ಟಿಸೋಣ ಕಣೇ ಅಂದರೆ, ನಗಿ ನಗಿ, ನಿಮಗೂ ಒಂದು ದಿನ ಬರುತ್ತೆ. ಬಂತು, ಆದರೆ ತಿರುವುಮುರುವಾಗಿ ಬಂತು, ಅವಳ ಕಾಲು ನಿಲ್ಲದು, ಇವನ ಕೈ ಏಳದು. ಬೆರಳು ನಡುಗುವುದನ್ನು ಊರೆಲ್ಲ ನೋಡಿತು, ಅಕ್ಷರ ಕುಗ್ಗಿದ್ದನ್ನು ಮೊದಲು ಕಂಡವನು ಇವನೇ: ‘ಸೈಕಲ್ ರಿಪೇರಿ ಮಾಡಲಾಗುವುದು’, ‘ಸೈ’ ಗೇಣುದ್ದ, ‘ದು’ ಹೆಬ್ಬೆರಳಷ್ಟು, ಏಣಿ ಇಳಿದು ನೋಡಿದರೆ ಮೇಲಿನ ಗೆರೆ ಅಕ್ಷರಗಳನ್ನು ಬಿಟ್ಟು ಒಂಟಿಯಾಗಿ ಮುಂದೆ ಹೋಗಿತ್ತು. ಚೆನ್ನಾಗಿದೆ ಬಿಡಣ್ಣ ಅಂದ ಅಂಗಡಿಯವನು, ಆ ಬಿಡಣ್ಣ ಇವತ್ತಿಗೂ ಎದೆಯಲ್ಲಿ ಉರಿಯುತ್ತದೆ. ಆಮೇಲೆ ಡಾಕ್ಟರಮ್ಮ, ಮಿದುಳಲ್ಲಿ ಡೋಪಮಿನ್ ಅಂತ ಒಂದು ರಸ, ಕೈಕಾಲು ಆಡಬೇಕಾದ್ರೆ ಅದು ಬೇಕು, ನಿಮ್ಮಲ್ಲಿ ಅದನ್ನ ತಯಾರು ಮಾಡೋ ಕೋಶಗಳೇ ಕಮ್ಮಿ ಆಗ್ತಿವೆ, ಈ ಮಾತ್ರೆ ಆ ರಸ ಅಲ್ಲ, ಅದರ ಥರ ನಟಿಸುತ್ತೆ, ಅದು ಕೂರೋ ಜಾಗದಲ್ಲಿ ತಾನು ಹೋಗಿ ಕೂರುತ್ತೆ, ಮಿದುಳು ನಂಬುತ್ತೆ, ಕಾಯಿಲೆ ವಾಸಿಯಾಗಲ್ಲ, ಕೆಲಸ ನಡೆಯುತ್ತೆ, ಅಮ್ಮನ ಕಾಲಿಗೂ ಇದೇ ಮಾತ್ರೆ, ಚೂರೇ ಚೂರು, ಸಂಜೆ ಮಾತ್ರ. ಇವನಿಗೆ ದಿನಕ್ಕೆ ಮೂರು. ನಟಿಸಲಿ, ಯಾವ ವೇಷವಾದರೇನು, ತಿಂಗಳು ಮೂರು ಕಳೆಯುವಷ್ಟರಲ್ಲಿ ‘ದು’ ಮತ್ತೆ ‘ಸೈ’ಯ ಹೆಗಲಿಗೆ ಬಂತು.

ಕೈಗೆ ಜೀವ ಬಂದದ್ದಷ್ಟೇ ಅಲ್ಲ, ಹಸಿವೂ ಬಂತು, ಡ್ರಮ್ಮಿನ ಮೇಲೆ ‘ನೀರು’, ಏಣಿಯ ಮೇಲೆ ‘ಏಣಿ’, ಹೆಂಡತಿಯ ಸ್ಟೂಲಿನ ಮೇಲೆ ‘ಓಡಿಹೋಗಬೇಡ’, ಖಾಲಿ ಜಾಗ ಕಂಡರೆ ಕೈ ಕಡಿಯುತ್ತದೆ. ಹೊಸ ಚಟ ಏನಾದ್ರೂ ಹತ್ತಿದ್ರೆ ಮುಚ್ಚಿಡಬೇಡಿ, ಕೆಲವರಿಗೆ ಈ ಮಾತ್ರೆ ಹಾಗೆ ಮಾಡುತ್ತೆ ಅಂದಿದ್ದರು ಡಾಕ್ಟರಮ್ಮ — ಚಟ ಅಲ್ಲ ಕಣಮ್ಮ, ಕಸುಬು, ಹೇಳಿದರೆ ಮಾತ್ರೆ ಇಳಿಸುತ್ತೀರಿ, ಮಾತ್ರೆ ಇಳಿದರೆ ‘ದು’ ಇಳಿಯುತ್ತದೆ, ಹೇಳುವುದಿಲ್ಲ, ಏನು ಮಾಡ್ಕೋತೀರೋ ಮಾಡ್ಕೊಳ್ಳಿ. ಆದರೆ ಆ ಬಸ್ ಸ್ಟಾಪು. ಐದೇ ನಿಮಿಷ ಕಣೇ, ಇಲ್ಲೇ ಕೂತಿರು, ತಿರುವಿನಲ್ಲಿ ಯಾರದೋ ಬೋಳು ಗೇಟು, ಯಾರೂ ಕೇಳಿರಲಿಲ್ಲ, ಚೀಲದಿಂದ ಬಣ್ಣ ಬ್ರಶ್ಶು ತೆಗೆದು ನಂಬರು ಬರೆದು, ನೆರಳು ಕೊಟ್ಟು, ಸುತ್ತ ಬಳ್ಳಿ ಹಬ್ಬಿಸಿ, ಮನೆಯವರು ಹೊರಗೆ ಬಂದು ಯಾರ್ರೀ ನೀವು ಅಂದಾಗ ಎರಡು ಗಂಟೆ ಕಳೆದಿತ್ತು. ಎದ್ದೂಬಿದ್ದೂ ಬಂದರೆ ಅವಳು ಅದೇ ಬೆಂಚಿನಲ್ಲಿ, ನಾಲ್ಕು ಬಸ್ಸು ಬಿಟ್ಟು, ಒಂದು ಕಾಲದಲ್ಲಿ ಎರಡು ನಿಮಿಷ ಕೂರಲಾರದವಳು. ಬೈಯಲಿಲ್ಲ. ಕೂರೋಕೆ ಬರುತ್ತೆ ಅಂತ ಕೂರಿಸಿಬಿಟ್ರಾ ಅಂದಳು.

ಒಳಗೆ ಕರೆದರು, ಮೇಜು, ಬಿಳಿ ಹಾಳೆ, ಪೆನ್ನು, ಒಂದು ಸುರುಳಿ ಬರೀರಿ, ಆಮೇಲೆ ಒಂದು ವಾಕ್ಯ, ನಿಮಗೆ ತೋಚಿದ್ದು, ಸುರುಳಿ ಬಂತು, ದುಂಡಗೆ, ನೋಡಿ ಬೇಕಾದರೆ, ಡಾಕ್ಟ್ರೇ, ನಮ್ಮಪ್ಪ ಮೊನ್ನೆ ಅಂತ ಮಗಳು ಬಾಯಿ ತೆರೆದಳು, ಸುಮ್ನಿರಮ್ಮ, ಬರೀತಿದ್ದೀನಿ, ನನ್ನ ಬೋರ್ಡು ಇನ್ನೊಬ್ಬರು ಬರೆಯುವುದು ಬೇಡ — ಮೊದಲು ಎರಡು ಗೆರೆ ಎಳೆದ, ಹಾಳೆಯ ಈ ತುದಿಯಿಂದ ಆ ತುದಿಗೆ, ಆಮೇಲೆ ನಿಧಾನ, ಉಸಿರು ಹಿಡಿದು, ‘ಹೆಂಡತಿಯನ್ನು ಬೆಂಚಿನಲ್ಲಿ ಕೂರಿಸಿ ಮರೆತು ಊರವರ ಗೇಟು ಬರೆದವನು ನಾನೇ’, ತಗೊಳ್ಳಿ, ಇಳಿಸುವುದಾದರೆ ಇಳಿಸಿ, ಬೇರೆ ಮಾತ್ರೆ ಕೊಡಿ, ಅದಾಗದಿದ್ದರೆ ಎಡಗೈ ಇದೆ, ಅದೂ ಹೋದರೆ ಬ್ರಶ್ಶನ್ನು ಹಲ್ಲಲ್ಲಿ ಕಚ್ಚುತ್ತೇನೆ, ಆದರೆ ಚೆನ್ನಾಗಿದೆ ಬಿಡಣ್ಣ ಅಂತ ಯಾರೂ ಅನ್ನಕೂಡದು. ಡಾಕ್ಟರಮ್ಮ ಓದಿದರು, ಅವರ ಪೆನ್ನು ಚೀಟಿಯ ಮೇಲೆ ನಿಂತಿದೆ, ಇನ್ನೂ ಇಳಿದಿಲ್ಲ, ಹೆಂಡತಿ ಬಗ್ಗಿ ಓದಿದಳು, ಅವಳ ಬೆರಳು ‘ಹೆಂ’ನಿಂದ ಶುರುವಾಗಿ ಗೆರೆಗುಂಟ ನಡೆದು ಕೊನೆಯಲ್ಲಿ ನಿಂತಿತು, ಅಲ್ಲಿ ‘ನೇ’, ಮೇಲಿನ ಗೆರೆಗೆ ತಲೆ ತಾಗಿಸಿ, ಕೆಳಗಿನ ಗೆರೆಗೆ ಕಾಲೂರಿ, ‘ಹೆಂ’ನಷ್ಟೇ ಎತ್ತರಕ್ಕೆ ನಿಂತಿತ್ತು, ‘ನೇ’.