ಧೋಂಡಿಬಾನ ಬೆವರು

ಮಿರಜದ ದವಾಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಪರೀಕ್ಷೆಗೆ ರಕ್ತ ತೆಗೆಯುವ ಅನುಸೂಯಾಬಾಯಿಗೆ ಕೇತನ ಅಂದರೆ ಕಾಲಕಸ. ಸಾಂಗಲಿಯ ವ್ಯಾಪಾರಿ ಮನೆಯ ಹುಡುಗ. ಮನೆಮಾತು ಕನ್ನಡವಾದರೂ ಕನ್ನಡದ ರೋಗಿಗಳಿಗೂ ಮರಾಠಿಯಲ್ಲೇ ಉತ್ತರ. ಸಂಶೋಧನೆಗೆಂದು ಮೂರ್ಛೆರೋಗದವರ ತೋಳಿಗೆ ಪಟ್ಟಿ ಅಂಟಿಸುತ್ತಿದ್ದ. ಬೆವರಿನಲ್ಲಿ ಔಷಧ ಎಷ್ಟಿದೆ ಎಂದು ಅದು ಫೋನಿಗೆ ತಿಳಿಸುತ್ತಿತ್ತು. ಇನ್ನು ಸೂಜಿಯೂ ಬೇಡ, ಚುಚ್ಚುವವರೂ ಬೇಡ ಎಂದು ಅವಳೆದುರಿಗೇ ನಗುತ್ತಿದ್ದ. ರೋಗಿಯ ಮುಖವನ್ನು ಮಾತ್ರ ಒಮ್ಮೆಯೂ ನೋಡುತ್ತಿರಲಿಲ್ಲ.

ಏಪ್ರಿಲಿನಲ್ಲಿ ಸಲಗರೆಯ ಕುರಿಗಾರ ಧೋಂಡಿಬಾ ತೋಳಿನ ಪಟ್ಟಿಯೊಡನೆ ಬಂದ. ಹೆಜ್ಜೆ ತೂರಾಡುತ್ತಿತ್ತು, ನಾಲಗೆ ತೊದಲುತ್ತಿತ್ತು. ಪಟ್ಟಿಯ ಪ್ರಕಾರ ಮೈಯಲ್ಲಿ ಔಷಧ ತೀರ ಕಡಿಮೆ. ಮಾತ್ರೆ ನುಂಗುವುದಿಲ್ಲ, ಕುಡಿದು ಬಂದಿದ್ದಾನೆ, ಡೋಸ್ ಏರಿಸಬೇಕು ಎಂದ ಕೇತನ.

"ಎರಡೂ ಹೊತ್ತು ತಗೋತೀನ್ರಿ ಅಕ್ಕಾರ," ಎಂದ ಧೋಂಡಿಬಾ. "ಹೆಂಡ್ತಿ ಮಾಯವ್ವ ಎದುರಿಗಿ ನಿಂತ ನುಂಗಸ್ತಾಳ. ಕುಡಿಯೂದ ಬಿಟ್ಟ ಹದಿನೈದ ವರ್ಷಾತು."

ಬಾಯಲ್ಲಿ ವಾಸನೆಯಿಲ್ಲ. ಕಣ್ಣುಗುಡ್ಡೆಗಳು ಮಾತ್ರ ನಿಲ್ಲದೆ ಅದುರುತ್ತಿದ್ದವು. ಔಷಧ ಹೆಚ್ಚಾದವರ ಕಣ್ಣು ಅನುಸೂಯಾಬಾಯಿ ಎಷ್ಟೋ ಕಂಡಿದ್ದಳು. ಮೂರ್ಛೆರೋಗ ನೋಡುವ ಡಾಕ್ಟರ್ ಶೀತಲರಿಗೆ ಫೋನ್ ಮಾಡಿ, ಒಪ್ಪಿಗೆ ಪಡೆದು ಸೂಜಿ ತೆಗೆದಳು. ತನ್ನ ಪ್ರಯೋಗದಲ್ಲಿ ಸೂಜಿ ಬಳಸುವಂತಿಲ್ಲ ಎಂದು ಕೇತನ ತಡೆದ.

"ನಿಮ್ಮ ಪ್ರಯೋಗ ನಿಮ್ಮ ಫೋನಿನ್ಯಾಗ ಇರ್ಲಿ. ಇಂವಾ ಇಲ್ಲಿ ಕುಂತಾನ."

ಮಧ್ಯಾಹ್ನ ವರದಿ ಬಂತು: ರಕ್ತದಲ್ಲಿ ಔಷಧ ಇರಬೇಕಾದ್ದಕ್ಕಿಂತ ಎರಡು ಪಟ್ಟು. ದಿನವಿಡೀ ಬಿಸಿಲಲ್ಲಿ ಕುರಿಯ ಹಿಂದೆ ಅಲೆದವನ ಬೆವರು ಧಾರಾಳವಾಗಿ ಸುರಿದು, ಔಷಧ ಅದರಲ್ಲಿ ತೆಳುವಾಗಿರಬೇಕು ಎಂದರು ಶೀತಲ. ಕೂಡಲೇ ಮಾತ್ರೆ ನಿಲ್ಲಿಸಿ ಅವನನ್ನು ವಾರ್ಡಿಗೆ ಸೇರಿಸಿಕೊಂಡರು. ವಾರ ಕಳೆಯುವಷ್ಟರಲ್ಲಿ ಧೋಂಡಿಬಾ ಗೋಡೆ ಹಿಡಿಯದೆ ನಡೆದ.

ಕೇತನ ಅವನನ್ನು ನೋಡಲು ಹೋಗಲಿಲ್ಲ. ತಿಂಗಳ ನಂತರ ತನ್ನ ಪ್ರಯೋಗದ ವರದಿ ಹಿಡಿದು ಅನುಸೂಯಾಬಾಯಿಯ ಬಳಿ ಬಂದ. ಕೊನೆಯ ಪುಟದ ಕೃತಜ್ಞತೆಯಲ್ಲಿ ಅವಳ ಹೆಸರೂ ಇದೆಯೆಂದ. ಅವಳು ಮೊದಲಿನಿಂದ ಓದಿದಳು. ಒಂದೆಡೆ ಹೀಗಿತ್ತು: ಸಲಗರೆಯ ಒಬ್ಬ ರೋಗಿಯನ್ನು ಲೆಕ್ಕದಿಂದ ಕೈಬಿಡಲಾಗಿದೆ, ಆತ ಸಹಕರಿಸಲಿಲ್ಲ.

"ಪಟ್ಟಿ ತಪ್ಪಿದ್ರ ತಪ್ಪಲಿ," ಎಂದಳು. "ಹೊಸಾದು, ನಾಳಿ ಸುಧಾರಿಸ್ತದ. ನೀ ಸುಧಾರಿಸೂದಿಲ್ಲ."

ತನ್ನ ಹೆಸರಿನ ಮೇಲೆ ಗೆರೆ ಎಳೆದು ಕಾಗದ ಹಿಂದಿರುಗಿಸಿದಳು. ಬಾಗಿಲಲ್ಲಿ ಆರಗ ಊರಿನ ಮುದುಕಿಯೊಬ್ಬಳು ಕಾಯುತ್ತಿದ್ದಳು.

"ಬರ್ರಿ, ಕುಂದ್ರಿ," ಎಂದು ಅವಳತ್ತ ತಿರುಗಿದಳು.