ಮಂಗಳಾಳ ಮಾತ್ರೆಯೂ ನನ್ನ ಹೊಟ್ಟೆಕಿಚ್ಚೂ

ಮತ್ತೋಡಿನ ನಮ್ಮ ಮನೆಯಲ್ಲಿ ಗಂಡಸರು ಕುರಿ ಹಿಂದೆ ಹೋದರೆ, ಒಳಗೆಲ್ಲ ಅತ್ತೆ ಉಚ್ಚಂಗಮ್ಮನದೇ ಮಾತು. ನಾನು ಹಿರಿಸೊಸೆ ಜಯಕ್ಕ. ಓರಗಿತ್ತಿ ಮಂಗಳಾ ಹೆರಿಗೆಯಾದ ತಿಂಗಳೊಳಗೆ ನಿದ್ದೆ ಬಿಟ್ಟಳು. ಕೂಸಿನ ಮುಖ ನೋಡದೆ ಅಳುವಳು, ಯಾರೋ ಕರೀತಾರೆ ಎನ್ನುವಳು. ಗಾಳಿ ಸೋಕಿದೆ ಎಂದು ಅತ್ತೆ ತೀರ್ಮಾನಿಸಿದರು. ಅಂಥ ಬಾಣಂತಿಯನ್ನು ದೇವರ ಮುಂದೆ ಕೂರಿಸಿ ಬೇವಿನ ಬರಲಿನಿಂದ ಹೊಡೆಯುವುದು ನಮ್ಮ ಮನೆತನದಲ್ಲಿ ನಡೆದುಬಂದದ್ದು. ಮಾತ್ರೆ ನುಂಗಿದರೆ ದೇವರು ಮುನಿಯುತ್ತಾನಂತೆ.

ಮೈದುನ ರಂಗೇಶ್ ಕೇಳಲಿಲ್ಲ. ಹೆಂಡತಿಯನ್ನು ಹೊಸದುರ್ಗದ ಆಸ್ಪತ್ರೆಗೆ ಕರೆದೊಯ್ದ. ಮೊದಮೊದಲು ಬಾಯಿ ಒಣಗಬಹುದು, ತೂಕಡಿಕೆ ಬರಬಹುದು, ಹೆದರಿ ನಿಲ್ಲಿಸಬೇಡಿ, ಏನೇ ಆದರೂ ನನಗೆ ಹೇಳಿ ಎಂದು ಡಾಕ್ಟರಮ್ಮ ಲತಾ ಮಾತ್ರೆ ಕೊಟ್ಟು ಹೇಳಿ ಕಳಿಸಿದ್ದರು. ದಿನಾ ಊಟವಾದ ಮೇಲೆ ಅವನೇ ನೀರು ತಂದು, ಪಕ್ಕದಲ್ಲಿ ಕೂತು ನುಂಗಿಸುತ್ತಿದ್ದ. ನೋಡಿ ನೋಡಿ ನನಗೆ ಹೊಟ್ಟೆ ಉರಿಯಿತು. ಹನ್ನೊಂದು ವರ್ಷದ ಹಿಂದೆ ಬಾಣಂತನದಲ್ಲಿ ನನಗೂ ಹೀಗೇ ಆದಾಗ ಸಿಕ್ಕಿದ್ದು ಬರಲಿನ ಏಟು. ನನ್ನ ಗಂಡ ಸಣ್ಣಪ್ಪನೂ ಕೈ ಹಿಡಿದಿದ್ದ, ನಾನು ತಪ್ಪಿಸಿಕೊಳ್ಳದಿರಲಿ ಎಂದು. ಇವಳಿಗೇನು ಕೊಂಬು ಬಂದಿದೆಯೇ?

ನಾಲ್ಕನೇ ದಿನ ಮಂಗಳಾಳ ಕೈ ಸಣ್ಣಗೆ ನಡುಗಿತು. ಇದು ಮಾತ್ರೆಯದೇ ಇರಬಹುದಾ ಎಂದು ನನ್ನನ್ನು ಕೇಳಿದಳು. ಡಾಕ್ಟರಿಗೆ ಫೋನು ಮಾಡು ಎನ್ನಬಹುದಿತ್ತು.

"ಹಿಂಗೇ ಮಂಕಾಗ್ತೀಯ ಕಣೇ. ಹಾಲೂ ಕೆಡ್ತೈತೆ. ಆಮೇಲೆ ರಂಗೇಶ್ ನಿನ್ ಮುಖ ನೋಡ್ತಾನೇನು?" ಎಂದೆ.

ಅಂದಿನಿಂದ ಅವಳು ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡು, ಗಂಡ ಎದ್ದುಹೋದ ಮೇಲೆ ಉಗುಳತೊಡಗಿದಳು. ನನಗೆ ಗೊತ್ತಿತ್ತು. ಒಳಗೊಳಗೇ ಖುಷಿಪಟ್ಟೆ, ಥೂ ನನ್ನ ಜನ್ಮಕ್ಕಿಷ್ಟು.

ಹತ್ತನೇ ದಿನ ಮಧ್ಯಾಹ್ನ ಕೂಸನ್ನು ಬಿಟ್ಟು ಬಾವಿಯ ಕಡೆ ಹೊರಟವಳನ್ನು ನಾನೇ ಕಂಡು, ಸೆರಗು ಹಿಡಿದು ಎಳೆದು ತಂದೆ. ಅತ್ತೆ ಬೇವಿನ ಬರಲು ತರಿಸಿದರು. ಅವಳ ಕೈ ಹಿಡಿದುಕೋ ಎಂದು ನನಗೇ ಹೇಳಿದರು. ಮುಟ್ಟಿದರೆ ಅವಳ ಕೈ ತಣ್ಣಗಿತ್ತು.

"ಹಿಡಿಯಲ್ಲ ಅತ್ತೆ. ನನ್ನ ಹೊಡೆದ್ರಲ್ಲ, ಯಾವ ಗಾಳಿ ಹೋಯ್ತು? ಏಟಿಗೆ ಹೆದರಿ ಅಳೋದು ನಿಲ್ಸಿದೆ, ಅಷ್ಟೇ."

ಅಷ್ಟರಲ್ಲಿ ಸುದ್ದಿ ಕೇಳಿ ರಂಗೇಶ್ ಓಡಿಬಂದ. ಮಾತ್ರೆ ಬಿಡಿಸಿದ್ದೂ ನಾನೇ ಎಂದು ಎಲ್ಲರೆದುರು ಹೇಳಿದೆ. ಅವನು ನನ್ನತ್ತ ನೋಡಿದ ನೋಟವನ್ನು ಸಾಯುವವರೆಗೂ ಮರೆಯಲಾರೆ.

ಆಸ್ಪತ್ರೆಗೆ ನಾನೂ ಹೋದೆ. ಮಂಗಳಾಳನ್ನು ಅಲ್ಲೇ ಉಳಿಸಿಕೊಂಡರು. ಹಾಲೂಡಿಸುವವಳೆಂದು ನೋಡಿಯೇ ಮಾತ್ರೆ ಕೊಟ್ಟಿದ್ದೇನೆ, ನಡುಕಕ್ಕೆ ಪ್ರಮಾಣ ತಗ್ಗಿಸಿದರಾಯಿತು ಎಂದರು ಡಾಕ್ಟರಮ್ಮ. ಆಮೇಲೆ ನನ್ನ ಕಡೆ ತಿರುಗಿ, ನಿಮಗೆ ನಿದ್ದೆ ಚೆನ್ನಾಗಿ ಬರುತ್ತದೆಯೇ ಎಂದು ಕೇಳಿದರು. ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

"ಇಲ್ಲ ಮೇಡಂ," ಎಂದೆ. "ಮಾತ್ರೆ ಅಂದ್ರೆ ನಂಗೂ ಭಯ ಐತೆ. ಆದ್ರೂ ನನ್ನೂ ನೋಡ್ರಿ."